ಪರಿಮಾಣ ವ್ರತವೂ ಮಣಿಕಟ್ಟಿನ ಗಡಿಯಾರವೂ



ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯ ಧರ್ಮದ ಮೇಲೆ ಬಸದಿಯಲ್ಲಿ ಸ್ವಾಧ್ಯಾಯ ಮುಗಿದೊಡನೆ ತರುಣನೊಬ್ಬನು ಎದ್ದುನಿಂತು ಒಂದು ಪ್ರಶ್ನೆ ಕೇಳಿದನು. "ಪರಿಗ್ರಹ ಪರಿಮಾಣದ ಪಟ್ಟಿಯಲ್ಲಿ ಕೈಗಡಿಯಾರ ಒಂದು ಎಂದು ಬರೆದುಕೊಂಡಿದ್ದೇನೆ. ಆ ಒಂದು ಎಷ್ಟು ದೊಡ್ಡದಿರಬಹುದು?" ಸಭೆಯಲ್ಲಿ ನಗು ಎದ್ದಿತು. ಕೇಳಿದವನೂ ನಕ್ಕನು. ನಾನು ಮಾತ್ರ ನಗಲಾರದೆ ಅಂಗಿಯ ತೋಳನ್ನು ಮೆಲ್ಲನೆ ಕೆಳಕ್ಕೆ ಎಳೆದುಕೊಂಡೆನು. ಅದು ಇಳಿಯಲಿಲ್ಲ. ಮಣಿಕಟ್ಟಿನ ಮೇಲಿದ್ದ ವಸ್ತು ಅದನ್ನು ಇಳಿಯಗೊಡಲಿಲ್ಲ.

ಉತ್ತರವನ್ನು ಮರುದಿನಕ್ಕೆ ಮುಂದೂಡಿದೆನು. ಮರುದಿನ ನಡೆದುದು ಬೇರೆಯೇ ಆದುದರಿಂದ ಅಂದೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಓದುಗರು ಇದನ್ನು ಉಪದೇಶವೆಂದು ತಿಳಿಯದೆ ಆಲೋಚನೆ ಎಂದು ತಿಳಿದರೆ ಒಳಿತು. ಗುರುಗಳ ಮುಂದೆ ತನ್ನ ದೋಷವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೆ ನಮ್ಮ ಶಾಸ್ತ್ರಗಳು ಇಟ್ಟಿರುವ ಹೆಸರು ಅದೇ.

ಪರಿಗ್ರಹ ಪರಿಮಾಣವು ಐದನೆಯ ಅಣುವ್ರತ. ಮಹಾವ್ರತಿಗಳಾದ ಮುನಿಗಳು ಎಲ್ಲವನ್ನೂ ತೊರೆದು ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ, ಇಷ್ಟನ್ನೇ ಇರಿಸಿಕೊಳ್ಳುತ್ತಾರೆ. ಗೃಹಸ್ಥನಿಗೆ ಅದು ಶಕ್ಯವಲ್ಲವೆಂದು ಆಚಾರ್ಯರು ಅವನಿಗೆ ಎಲ್ಲೆಯನ್ನು ಹಾಕಿಕೊಳ್ಳಲು ಹೇಳಿದರು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀ, ದಾಸ, ಕುಪ್ಯ, ಭಾಂಡ ಎಂದು ಹೊರಗಿನ ಪರಿಗ್ರಹ ೧೦. ಮಿಥ್ಯಾತ್ವ ಮೊದಲುಗೊಂಡು ಕ್ರೋಧ, ಮಾನ, ಮಾಯೆ, ಲೋಭಾದಿಗಳು ಸೇರಿ ಒಳಗಿನದು ೧೪. ಪಟ್ಟಿ ಬರೆಯಲು ಕುಳಿತಾಗ ನಾವು ಬರೆಯುವುದು ಮೊದಲಿನ ಹತ್ತನ್ನು. ಹದಿನಾಲ್ಕಕ್ಕೆ ಆ ಕಾಗದದಲ್ಲಿ ಜಾಗವಿರುವುದಿಲ್ಲ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ಯಾವ ವಸ್ತುವನ್ನೂ ಹೆಸರಿಸದೆ ಮೂರ್ಛೆಯನ್ನು ಹೆಸರಿಸಿದರು. 'ಇದು ನನ್ನದು' ಎಂಬ ಭಾವದಲ್ಲಿ ಎಚ್ಚರ ತಪ್ಪುವುದೇ ಮೂರ್ಛೆ. ಸಂಖ್ಯೆಯನ್ನು ಪಟ್ಟಿ ಹಿಡಿದೀತು. ಮೂರ್ಛೆಯನ್ನು ಹಿಡಿಯಲಾರದು.

ನನ್ನ ಪುಸ್ತಕದಲ್ಲಿಯೂ 'ಕೈಗಡಿಯಾರ – ಒಂದು' ಎಂಬ ಸಾಲಿದೆ. ಅದನ್ನು ಬರೆದ ದಿನ ಕೈಯಲ್ಲಿದ್ದುದು ಎಚ್.ಎಂ.ಟಿ. ಗಡಿಯಾರ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯದು. ಆ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ ೨೦೧೬ರಲ್ಲಿ ಆಯಿತು. ಅದರ ಗಡಿಯಾರಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ನಡೆಯುತ್ತಿವೆ. ಅದಕ್ಕೆ ದಿನವೂ ಕೀಲಿ ಕೊಡಬೇಕು. ಬೆಳಗ್ಗೆ ಕೀಲಿ ಕೊಡುತ್ತ ಆ ದಿನದ ನಿಯಮವನ್ನು ಹೇಳಿಕೊಳ್ಳುವುದು ನನಗೆ ರೂಢಿಯಾಗಿದ್ದಿತು: ಇಂದು ಈ ರಸದ ತ್ಯಾಗ, ಇಂದು ಇಷ್ಟೇ ಬಾರಿ ಆಹಾರ. ಬೆರಳಿಗೊಂದು ಕೆಲಸ, ನಾಲಗೆಗೊಂದು ಕೆಲಸ.

ಕಳೆದ ಕಾರ್ತಿಕದಲ್ಲಿ ಹೊರದೇಶದಲ್ಲಿ ಉದ್ಯೋಗದಲ್ಲಿರುವ ಮಗನು ಊರಿಗೆ ಬಂದನು. ನನಗೆ ಅರವತ್ತು ತುಂಬಿದ ಸಂತೋಷಕ್ಕೆ ಒಂದು ಪೆಟ್ಟಿಗೆಯನ್ನು ಕೈಯಲ್ಲಿಟ್ಟನು. ಒಳಗಿದ್ದುದು ಕಡಲಾಳಕ್ಕೆ ಇಳಿಯುವ ಮುಳುಗುಗಾರರು ಕಟ್ಟುವ ಗಡಿಯಾರ. ಕೀಲಿ ಬೇಡದೆ, ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಜ್ ಜಾತಿಯದು. ಅಗಲ ಹೆಚ್ಚುಕಡಿಮೆ ೫೦ ಮಿಲಿಮೀಟರ್, ಎಂದರೆ ಎರಡು ಅಂಗುಲ. ಮನೆಯವರು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ೧೮೦ ಗ್ರಾಂ ಎಂದರು. ಪಟ್ಟಿ ಚರ್ಮದ್ದಲ್ಲ, ಉಕ್ಕಿನದು. ಬಸದಿಗೆ ಹೋಗುವವನೆಂದು ಮಗನು ಅದನ್ನು ನೋಡಿಯೇ ತಂದಿದ್ದನು. ಅವನ ಆ ಎಚ್ಚರವನ್ನು ನಾನು ಮರೆಯಬಾರದು.

ಈ ಜಾತಿಯ ಗಡಿಯಾರ ಹುಟ್ಟಿದ ಬಗೆಯನ್ನು ತಿಳಿದುಕೊಂಡೆನು. ೧೯೬೮ರಲ್ಲಿ ಜಪಾನಿನ ಹಿರೋಶಿಮಾ ಪ್ರಾಂತದ ಕುರೆ ಎಂಬ ಊರಿನ ಮುಳುಗುಗಾರನೊಬ್ಬನು ಸೈಕೋ ಕಂಪನಿಗೆ ಪತ್ರ ಬರೆದನು: ತಾವು ಇಳಿಯುವ ಆಳದಲ್ಲಿ ಅಂದಿನ ಗಡಿಯಾರಗಳು ತಾಳುವುದಿಲ್ಲ ಎಂದು. ಕಡಲಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತ ಹೋಗುತ್ತದೆ. ಕಂಪನಿಯವರು ಏಳು ವರ್ಷ ದುಡಿದು, ೧೯೭೫ರಲ್ಲಿ, ೬೦೦ ಮೀಟರ್ ಆಳದ ಒತ್ತಡ ತಾಳುವ ಟೈಟೇನಿಯಂ ಗಡಿಯಾರವನ್ನು ಹೊರಗೊಂದು ಕವಚದೊಡನೆ ಮಾಡಿದರು. ೧೯೭೮ರಲ್ಲಿ ಅದಕ್ಕೆ ಕ್ವಾರ್ಟ್ಜ್ ಯಂತ್ರವನ್ನು ಕೂಡಿಸಿದರು. ನನ್ನ ಕೈಗೆ ಬಂದುದು ಅದೇ ವಂಶದ ಕಿರಿಯ ಕುಡಿ. ಆದುದರಿಂದ ಅದರ ಗಾತ್ರ ಡಂಬಕ್ಕೆ ಹುಟ್ಟಿದುದಲ್ಲ. ಕತ್ತಲ ನೀರಿನಲ್ಲಿ ಕಾಣಬೇಕು, ಒತ್ತಡಕ್ಕೆ ಒಡೆಯಬಾರದು, ದಪ್ಪ ಕೈಗವಸಿನ ಬೆರಳಿಗೆ ಸಿಗಬೇಕು. ಅಲ್ಲಿ ಅದು ಉಪಕರಣ. ನಮ್ಮ ಊರಿನ ಅತ್ಯಂತ ಆಳವಾದ ನೀರೆಂದರೆ ಬಸದಿಯ ಹಿಂದಣ ಬಾವಿ. ಬೇಸಗೆಯಲ್ಲಿ ಅದೂ ಬತ್ತುತ್ತದೆ.

ಕವಚ ತೊಟ್ಟ ಆ ಗಡಿಯಾರಗಳ ಆಕಾರವನ್ನು ಕಂಡು ಅವನ್ನು ಸಂಗ್ರಹಿಸುವವರು 'ಟ್ಯೂನಾ ಡಬ್ಬಿ' ಎಂದು ಅಡ್ಡಹೆಸರಿಟ್ಟಿದ್ದಾರೆ. ಟ್ಯೂನಾ ಒಂದು ಮೀನು. ಮೊಮ್ಮಗಳು ಅದನ್ನು ಎಲ್ಲಿಂದಲೋ ತಿಳಿದು, "ಅಜ್ಜ ಮೀನಿನ ಡಬ್ಬಿ ಕಟ್ಟಿದ್ದಾರೆ" ಎಂದು ಮನೆಯೆಲ್ಲ ಕುಣಿದಳು. ನನಗೆ ಮೈ ಜುಮ್ಮೆಂದಿತು. ಎರಡು ದಿನ ಕಟ್ಟಲಿಲ್ಲ. ಹೆಸರಿಗೆ ಹೇಸಿದ ನಾನು ಮೂರ್ಛೆಗೆ ಹೇಸದೆ ಹೋದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಪಟ್ಟಿಯಲ್ಲಿ 'ಒಂದು' ಎಂದಿದೆ; ಮನೆಯಲ್ಲಿ ಎರಡಾದವು. ನಾನು ಮಾಡಿದುದೇನು? ಹಳೆಯ ಎಚ್.ಎಂ.ಟಿ.ಯನ್ನು ಬಸದಿಯಲ್ಲಿ ಅಭಿಷೇಕದ ಪಾತ್ರೆ ತೊಳೆದುಕೊಡುವ ಹುಡುಗನಿಗೆ ಕೊಟ್ಟುಬಿಟ್ಟೆನು. ಹುಡುಗನು ಕಣ್ಣಿಗೊತ್ತಿಕೊಂಡನು. ಕಂಡವರು ದಾನವೆಂದರು. ನಾನೂ ಅಲ್ಲವೆನ್ನಲಿಲ್ಲ. ವ್ರತದ ಸಂಖ್ಯೆ ಉಳಿಯಿತು. ಕೊಟ್ಟುದು ಸ್ಥಳ ತೆರವು ಮಾಡುವುದಕ್ಕೆ ಎಂಬುದು ನನಗೊಬ್ಬನಿಗೆ ತಿಳಿದಿದ್ದಿತು.

ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೂ ಕೊನೆಯದೂ ದುಡಿಯುವ ಮೂಕಪ್ರಾಣಿಗಳ ಮೇಲಿನ ಕರುಣೆಯಿಂದ ಹೇಳಿದವು. ಎತ್ತನ್ನು ಶಕ್ತಿ ಮೀರಿ ನಡೆಸಬಾರದು, ಅದರ ಬೆನ್ನ ಮೇಲೆ ಶಕ್ತಿ ಮೀರಿ ಹೇರಬಾರದು. ಅದನ್ನು ೧೮೦ ಗ್ರಾಮಿಗೆ ಅನ್ವಯಿಸುವುದು ಅತಿರೇಕವೆಂದು ಪಂಡಿತರು ಆಕ್ಷೇಪಿಸಬಹುದು; ಒಪ್ಪುತ್ತೇನೆ. ಆದರೆ ವಿಸ್ಮಯವೆಂಬ ಮೂರನೆಯ ಮಾತು ನನ್ನನ್ನು ಬಿಡಲಿಲ್ಲ. ಪರರ ಸಂಪತ್ತನ್ನು ಕಂಡು ಬೆರಗಾಗುವುದು ಅದರ ಅರ್ಥ. ಅದಕ್ಕೆ ಇನ್ನೊಂದು ಮಗ್ಗುಲಿದೆ: ನನ್ನದನ್ನು ಕಂಡು ಪರರು ಬೆರಗಾಗಲಿ ಎಂದು ಕಾಯುವುದು. ಮದುವೆಯ ಪಂಕ್ತಿಯಲ್ಲಿ ಕೈ ಚಾಚುವಾಗ ಎಡಗೈ ಮುಂದಾಗುತ್ತಿದ್ದಿತು. ಬಸ್ಸಿನಲ್ಲಿ ಕಂಬಿಯನ್ನು ಎಡಗೈಯಿಂದಲೇ ಹಿಡಿಯುತ್ತಿದ್ದೆನು. ಹೊತ್ತೆಷ್ಟೆಂದು ಯಾರಾದರೂ ಕೇಳಿದರೆ ಹಿಗ್ಗು. ಸಮಯ ತಿಳಿಯುವುದಕ್ಕೆ ಇಂದು ಯಾರಿಗೂ ಕೈಗಡಿಯಾರ ಬೇಕಿಲ್ಲ. ಕಿಸೆಯ ಮೊಬೈಲೇ ಸಾಕು. ಸಣ್ಣ ಚಿನ್ನದ ಗಡಿಯಾರದ ಮೇಲೂ ಇದಕ್ಕಿಂತ ಘೋರವಾದ ಮೂರ್ಛೆ ಇರಬಹುದು, ಗಾತ್ರವೇ ಪಾಪವಲ್ಲ. ದೊಡ್ಡ ವಸ್ತುವಿನ ತೊಡಕೆಂದರೆ ಅದು ತನ್ನನ್ನು ಮರೆಯಗೊಡುವುದಿಲ್ಲ. ಬಾಗಿಲಿಗೆ ತಾಗುತ್ತದೆ, ತೋಳಿಗೆ ಸಿಕ್ಕುತ್ತದೆ, ರಾತ್ರಿ ಮಂಚದ ಬದಿಯಲ್ಲಿ ಹಸಿರಾಗಿ ಹೊಳೆಯುತ್ತದೆ.

ಇದೇ ಗ್ರಂಥದಲ್ಲಿ ಪರಿಗ್ರಹದಿಂದ ಕೆಟ್ಟವನೆಂದು ಹೆಸರಾದವನು ಶ್ಮಶ್ರುನವನೀತ, ಎಂದರೆ ಮೀಸೆಬೆಣ್ಣೆಯವನು. ಅವನ ಕಥೆಯನ್ನು ಬಲ್ಲವರಿಗೂ ಮತ್ತೆ ಹೇಳುತ್ತೇನೆ. ಗೊಲ್ಲರ ಮನೆಯಲ್ಲಿ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡಾಗ ಬೆಣ್ಣೆಯ ಒಂದು ಕಣ ಬೆರಳಿಗೆ ಅಂಟಿತು. ಇದು ಬಿಟ್ಟಿ ಬಂದುದಲ್ಲವೇ ಎಂದು ಅವನು ದಿನವೂ ಮಜ್ಜಿಗೆ ಕುಡಿಯುತ್ತ, ಮೀಸೆಯ ಬೆಣ್ಣೆಯನ್ನು ಕೂಡಿಡುತ್ತ ಬಂದನು. ಕಾಲಕ್ರಮದಲ್ಲಿ ಒಂದು ಪಾತ್ರೆ ತುಪ್ಪವಾಯಿತು. ಚಳಿಗಾಲದ ರಾತ್ರಿ, ಹುಲ್ಲಿನ ಗುಡಿಸಲು, ಕಾಲ ಬಳಿ ಬೆಂಕಿ, ತುಪ್ಪದ ಪಾತ್ರೆಯೂ ಕಾಲ ಬಳಿಯೇ. ಮಲಗಿ ಎಣಿಸಿದನು: ಇದನ್ನು ಮಾರಿ ವ್ಯಾಪಾರ ಮಾಡುವೆನು, ಸಾಮಂತನಾಗುವೆನು, ರಾಜನಾಗುವೆನು, ಚಕ್ರವರ್ತಿಯಾಗುವೆನು, ಏಳು ನೆಲೆಯ ಉಪ್ಪರಿಗೆಯಲ್ಲಿ ಮಲಗಿರುವಾಗ ಸ್ತ್ರೀರತ್ನವು ಕಾಲೊತ್ತುವಳು, ಒತ್ತಲು ಬಾರದೆಂದು ಸರಸದಿಂದ ಹೀಗೆ ಒದೆಯುವೆನು. ಒದೆದೇಬಿಟ್ಟನು. ತುಪ್ಪ ಬೆಂಕಿಗೆ ಬಿದ್ದಿತು, ಗುಡಿಸಲು ಉರಿಯಿತು, ಅವನೂ ಸುಟ್ಟು ದುರ್ಗತಿಗೆ ಹೋದನು.

ಬಾಲ್ಯದಿಂದ ಈ ಕಥೆಯನ್ನು ನಗುತ್ತಲೇ ಕೇಳಿದ್ದೇವೆ. ಅವನು ಕದಿಯಲಿಲ್ಲ, ಬೇಡಲಿಲ್ಲ. ತಾನಾಗಿ ಅಂಟಿದುದನ್ನು ಒರೆಸಿ ಎಸೆಯಲಿಲ್ಲ, ಅಷ್ಟೇ. ನನ್ನ ಗಡಿಯಾರವೂ ತಾನಾಗಿ ಅಂಟಿದುದೇ.

ಇನ್ನು ಅನಂತ ಚತುರ್ದಶಿಯ ವಿಷಯ. ತ್ರಯೋದಶಿಯಂದು ಒಪ್ಪತ್ತು, ಚತುರ್ದಶಿಯಂದು ನಿರಾಹಾರ, ಹುಣ್ಣಿಮೆಯಂದು ಒಪ್ಪತ್ತು. ಹೀಗೆ ೧೬ ಪ್ರಹರಗಳ ಪ್ರೋಷಧೋಪವಾಸವನ್ನು ಹಿಡಿದಿದ್ದೆನು. ಉಪವಾಸದ ದಿನ ಪಂಚಪಾಪಗಳೊಡನೆ ಆರಂಭ, ಸ್ನಾನ, ಗಂಧ, ಪುಷ್ಪ, ಅಂಜನ, ನಸ್ಯಗಳನ್ನೂ ಅಲಂಕಾರವನ್ನೂ ಬಿಡಬೇಕೆಂದು ಸಮಂತಭದ್ರ ಸ್ವಾಮಿಗಳ ಅಪ್ಪಣೆ. ಉಂಗುರ ತೆಗೆದೆನು, ಕೊರಳ ಸರ ತೆಗೆದೆನು. ಗಡಿಯಾರಕ್ಕೆ ಕೈಹಾಕಿ ನಿಂತೆನು. ಸಾಮಾಯಿಕದ ಹೊತ್ತು ಅಳೆಯಬೇಡವೇ? ಎರಡು ಘಳಿಗೆ, ಎಂದರೆ ೪೮ ನಿಮಿಷ, ತಿಳಿಯುವುದು ಹೇಗೆ? ಇದು ಅಲಂಕಾರವಲ್ಲ, ಉಪಕರಣ, ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆನು. ಬಸದಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಗಡಿಯಾರವಿದೆ. ಅದನ್ನು ಮರೆತಂತೆ ಮಾಡಿದೆನು.

ಸಂಜೆಯ ಸಾಮಾಯಿಕ. ಜನ ತುಂಬಿದ್ದರು, ನನಗೆ ಸಿಕ್ಕಿದುದು ಕಲ್ಲುಕಂಬದ ಬದಿ. ನಿಂತು ಕಾಯೋತ್ಸರ್ಗ ಮಾಡುವಾಗ ಕೈಗಳನ್ನು ಇಳಿಬಿಟ್ಟೆನು. ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರಕ್ಕೆ ೨೭ ಉಸಿರು. ಎಷ್ಟನೆಯ ಉಸಿರೋ ನೆನಪಿಲ್ಲ, ದೇಹ ದಣಿದು ಕೊಂಚ ವಾಲಿತು. ಠಣ್ ಎಂಬ ಸದ್ದು. ಗಡಿಯಾರದ ಮುಖ ಕಂಬಕ್ಕೆ ಬಡಿದಿದ್ದಿತು. ತಕ್ಷಣ ಕಣ್ಣು ತೆರೆದೆನು, ಕೈ ಎತ್ತಿದೆನು, ಗಾಜನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆನು. ೬೦೦ ಮೀಟರ್ ಕಡಲನ್ನು ತಾಳಬಲ್ಲ ವಂಶದ ವಸ್ತು ಒಂದು ಕಂಬವನ್ನು ತಾಳದೇ? ಆ ವಿವೇಕ ಅಲ್ಲಿ ಹುಟ್ಟಲಿಲ್ಲ. ಮತ್ತೆ ಕಣ್ಣು ಮುಚ್ಚುವ ಮುನ್ನ ಎದುರಿನ ಸಾಲಿನಲ್ಲಿ ಮನೆಯವರ ಕಣ್ಣು ನನ್ನನ್ನೇ ನೋಡುತ್ತಿದ್ದುದನ್ನು ಕಂಡೆನು. ಬಸದಿಯಿಂದ ಬರುವಾಗ ಅವರು ಏನನ್ನೂ ಆಡಲಿಲ್ಲ. ಮನೆಯ ಮೆಟ್ಟಿಲ ಬಳಿ ಒಂದೇ ಮಾತು ಕೇಳಿದರು: "ಗಾಜು ಒಡೆಯಿತೇ?"

ನಾನು ಇಲ್ಲವೆಂದೆನು. ಅಂದು ನೀರೂ ಇಲ್ಲದ ನಾಲಗೆ ಇನ್ನಷ್ಟು ಒಣಗಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಗಡಿಯಾರವನ್ನು ಬಿಚ್ಚಿ ಎದುರಿಗಿಟ್ಟುಕೊಂಡು ಕುಳಿತೆನು. ಅದರೊಳಗಿನ ಸ್ಫಟಿಕದ ತುಣುಕು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ಮುಳ್ಳು ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ. ಹೀಗೆ ಅರ್ಧಿಸುತ್ತ ಹೋಗುವ ಎಣಿಕೆಗೆ ವೀರಸೇನಾಚಾರ್ಯರ ಧವಳಾ ಟೀಕೆಯಲ್ಲಿ ಅರ್ಧಚ್ಛೇದವೆಂದು ಹೆಸರು. ಆ ಗ್ರಂಥದ ತಾಳೆಯೋಲೆಗಳನ್ನು ನಮ್ಮ ಮೂಡುಬಿದಿರೆ ಶತಮಾನಗಳ ಕಾಲ ಕಾಪಾಡಿತು. ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಟೋಕಿಯೋದಲ್ಲಿ ಮಾರಾಟಕ್ಕೆ ಬಂದುದು ೧೯೬೯ರ ಡಿಸೆಂಬರ್ ೨೫ರಂದು. ನಮ್ಮ ಹಿರಿಯರ ಲೆಕ್ಕ ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು.

ಸ್ಫಟಿಕವೆಂದೊಡನೆ ಕುಂದಕುಂದಾಚಾರ್ಯರ ಸಮಯಸಾರ ನೆನಪಾಯಿತು. ಸ್ಫಟಿಕಮಣಿ ತಾನಾಗಿ ಕೆಂಪಾಗುವುದಿಲ್ಲ, ಕೆಂಪು ವಸ್ತುವಿನ ಸಂಗದಿಂದ ಕೆಂಪಾಗಿ ತೋರುತ್ತದೆ. ಹಾಗೆಯೇ ಆತ್ಮವೂ ರಾಗಾದಿಗಳ ಸಂಗದಿಂದ ರಾಗಿಯಾಗಿ ತೋರುತ್ತದೆ ಎಂಬ ದೃಷ್ಟಾಂತವನ್ನು ಅವರು ಕೊಟ್ಟಿದ್ದಾರೆ. ಎಷ್ಟೋ ಬಾರಿ ಅದನ್ನು ಸಭೆಯಲ್ಲಿ ವಿವರಿಸಿದ್ದೇನೆ. ಸ್ಫಟಿಕವನ್ನು ಮಣಿಕಟ್ಟಿಗೇ ಕಟ್ಟಿಕೊಂಡ ಮೇಲೂ ಅದು ತಿಳಿಯಲಿಲ್ಲ.

ಕಾಲವನ್ನು ಅಳೆಯಲೆಂದು ಕಟ್ಟಿದೆನೆಂದು ಹೇಳಿಕೊಂಡೆನಲ್ಲ, ಅದನ್ನೂ ಪರೀಕ್ಷಿಸಿದೆನು. ಏಳು ಉಚ್ಛ್ವಾಸಕ್ಕೆ ಒಂದು ಸ್ತೋಕ, ಏಳು ಸ್ತೋಕಕ್ಕೆ ಒಂದು ಲವ, ೭೭ ಲವಕ್ಕೆ ಒಂದು ಮುಹೂರ್ತ. ಮುಹೂರ್ತಕ್ಕೆ ೩,೭೭೩ ಉಚ್ಛ್ವಾಸ. ಮುಹೂರ್ತವೆಂದರೆ ೪೮ ನಿಮಿಷವಾದ್ದರಿಂದ ನಿಮಿಷಕ್ಕೆ ಸುಮಾರು ೭೯ ಆಗುತ್ತದೆ. ಇದು ಆರೋಗ್ಯವಂತನ ನಾಡಿಯ ಬಡಿತಕ್ಕೆ ಹತ್ತಿರ. ಬೆರಳಿಟ್ಟು ನೋಡಿದೆನು. ಗಡಿಯಾರ ಕುಳಿತು ಮಾಡಿದ ಗುರುತಿನ ಕೆಳಗೇ ನಾಡಿ ಮಿಡಿಯುತ್ತಿದ್ದಿತು.

ಮುಳುಗುಗಾರರ ಗಡಿಯಾರದ ಒಂದು ಅಂಗವನ್ನು ಮಾತ್ರ ಹೊಗಳಲೇಬೇಕು. ಮುಖದ ಸುತ್ತ ಒಂದು ಬಳೆಯಿದೆ, ಅದರ ಮೇಲೆ ನಿಮಿಷಗಳ ಗುರುತು. ನೀರಿಗೆ ಇಳಿಯುವವನು ಬಳೆಯ ಮೊನೆಯನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಟ್ಟರೆ ಇಳಿದು ಎಷ್ಟು ನಿಮಿಷವಾಯಿತೆಂದು ತಿಳಿಯುತ್ತದೆ. ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಎಣಿಕೆಯದು. ಲೆಕ್ಕ ತಪ್ಪಿದರೆ ಪ್ರಾಣಕ್ಕೆ ಕುತ್ತು. ಆ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ, ಎಡಕ್ಕೆ. ಬಂಡೆಗೆ ತಾಗಿ ಅಕಸ್ಮಾತ್ ಸರಿದರೂ ಕಳೆದ ಹೊತ್ತು ಹೆಚ್ಚಾಗಿ ತೋರಬಹುದೇ ಹೊರತು ಕಡಿಮೆಯಾಗಿ ತೋರುವುದಿಲ್ಲ. ಅವನು ಹೊತ್ತಿಗೆ ಮುಂಚೆ ಮೇಲೆ ಬಂದಾನು, ತಡವಾಗಿ ಬರಲಾರನು. ಇದನ್ನು ತಿಳಿದಾಗ ನನ್ನ ತಾಯಿಯ ನೆನಪಾಯಿತು. ಅನಸ್ತಮಿತ ವ್ರತದವರು ಅವರು. ಮೋಡ ಕವಿದ ದಿನ ಸೂರ್ಯ ಮುಳುಗಿದನೋ ಇಲ್ಲವೋ ಎಂಬ ಸಂದೇಹ ಬಂದರೆ ಎಲೆಯ ಮುಂದಿನಿಂದ ಏಳುತ್ತಿದ್ದರು. ಇನ್ನೂ ಬೆಳಕಿದೆಯೆಂದು ನಾವು ವಾದಿಸಿದರೆ, "ಇರಲಿ ಬಿಡಿ, ನನಗೆ ಆಯಿತು" ಎನ್ನುತ್ತಿದ್ದರು. ಅವರ ವ್ರತದ ಬಳೆ ಹಿಂದಕ್ಕೆ ತಿರುಗುತ್ತಿರಲಿಲ್ಲ. ನಾನು ಹಳೆಯದನ್ನು ಕೊಟ್ಟು ಹೊಸದಕ್ಕೆ ಸ್ಥಳ ಮಾಡಿದಾಗ, ಅಲಂಕಾರವನ್ನು ಉಪಕರಣವೆಂದಾಗ, ನನ್ನದನ್ನು ಎರಡು ಬಾರಿ ಹಿಂದಕ್ಕೆ ತಿರುಗಿಸಿದ್ದೆನು.

ಹುಣ್ಣಿಮೆಯ ಪಾರಣೆಯಾದ ಮೇಲೆ ಸಮೀಪದಲ್ಲಿ ಚಾತುರ್ಮಾಸ ನಿಂತಿದ್ದ ಪೂಜ್ಯ ಮುನಿ ಮಹಾರಾಜರ ಬಳಿಗೆ ಹೋಗಿ ನಡೆದುದನ್ನೆಲ್ಲ ಬಿನ್ನವಿಸಿದೆನು. ಮನಸ್ಸು ಸಾಮಾಯಿಕದಿಂದ ಜಾರಿದುದಕ್ಕೆ ಪ್ರಾಯಶ್ಚಿತ್ತವನ್ನು ಕೊಟ್ಟರು. ಅದನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಗಡಿಯಾರದ ವಿಷಯಕ್ಕೆ, "ಆಜೀವ ತ್ಯಾಗಕ್ಕೆ ಅವಸರ ಬೇಡ, ಮೊದಲು ಚಾತುರ್ಮಾಸ ಮುಗಿಯುವವರೆಗೆ ನಿಯಮ ಹಿಡಿ" ಎಂದರು. ಅವಧಿಯಿರುವ ತ್ಯಾಗ ನಿಯಮ, ಆಜೀವವಾದುದು ಯಮ, ಎಂದು ಭೋಗೋಪಭೋಗ ಪರಿಮಾಣದಲ್ಲಿ ಹೇಳಿರುವ ಕ್ರಮ ಇದು. ಮಗನು ನೊಂದಾನೆಂದು ಅರಿಕೆ ಮಾಡಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಹೇಳದೆ ತೆಗೆದಿಡಬೇಡ" ಎಂದರು.

ಹೇಳಿದೆನು. ದೂರವಾಣಿಯ ಆ ತುದಿಯಲ್ಲಿ ಬಹಳ ಹೊತ್ತು ಮಾತಿಲ್ಲ. "ಅಪ್ಪಾ, ಅದನ್ನು ನಿಮ್ಮ ಕೈಯಲ್ಲಿ ನೋಡಬೇಕೆಂದು ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆ" ಎಂದನು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಂದು ಅತಿಚಾರವನ್ನು ತಿದ್ದಿಕೊಳ್ಳಲು ಹೋಗಿ ಮಗನ ಮನಸ್ಸನ್ನು ನೋಯಿಸಿದೆನು. ಮೊದಲ ದಿನವೇ ಪುಸ್ತಕವನ್ನು ತೆರೆದು ಆ ಸಾಲನ್ನು ತೋರಿಸಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. ವ್ರತವನ್ನು ಮನೆಯವರಿಂದ ಮುಚ್ಚಿಟ್ಟುಕೊಳ್ಳುವುದು ವಿನಯವೆಂದು ತಿಳಿದಿದ್ದೆನು.

ಗಡಿಯಾರ ಈಗ ಮನೆಯವರ ಬೀರುವಿನಲ್ಲಿದೆ. ಕಟ್ಟದಿದ್ದರೆ ಎಚ್.ಎಂ.ಟಿ. ಮರುದಿನಕ್ಕೆ ನಿಲ್ಲುತ್ತಿದ್ದಿತು. ಇದು ಬ್ಯಾಟರಿ ಇರುವವರೆಗೂ ನಿಲ್ಲದು. ಸೀರೆಗಳ ನಡುವೆ ಸರಿಯಾದ ಹೊತ್ತನ್ನು ತೋರಿಸುತ್ತಲೇ ಇದೆ. ಮಹಾವೀರ ಸ್ವಾಮಿಗಳ ನಿರ್ವಾಣೋತ್ಸವಕ್ಕೆ ಮಗನು ಬರುವವನಿದ್ದಾನೆ. ಪಟ್ಟಿಯ ಪುಸ್ತಕವನ್ನೂ ಪೆಟ್ಟಿಗೆಯನ್ನೂ ಅವನ ಮುಂದೆ ಇಡಬೇಕೆಂದಿದ್ದೇನೆ. ಹುಡುಗನ ಕೈಯಲ್ಲಿರುವ ಹಳೆಯ ಗಡಿಯಾರವನ್ನು ಹಿಂದಕ್ಕೆ ಕೇಳುವ ಮಾತಂತೂ ಇಲ್ಲ.

ಪ್ರಶ್ನೆ ಕೇಳಿದ ತರುಣನಿಗೆ ಒಂದು ಮಾತು. ನಿನ್ನ ಗಡಿಯಾರ ಎಷ್ಟು ದೊಡ್ಡದೆಂದು ನಾನು ಅಂದು ನೋಡಲಿಲ್ಲ; ನನ್ನದನ್ನು ಮುಚ್ಚುವುದರಲ್ಲಿದ್ದೆನು. ಬರುವ ಚತುರ್ದಶಿಯ ಸಂಜೆ ಬಸದಿಗೆ ಬಾ. ಗೋಡೆಯ ಗಡಿಯಾರದ ಕೆಳಗೆ, ಕಂಬದಿಂದ ಸ್ವಲ್ಪ ದೂರದಲ್ಲಿ ಕುಳಿತಿರುತ್ತೇನೆ.